ಪಕ್ಕದ ಮನೆಯ ಮೋಟರು, ಸವಿತಳ ಕೈ

ಕೈ ಕೆಟ್ಟದ್ದು ಸವಿತಳದು, ತಪ್ಪು ನನ್ನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಸ್ಪತ್ರೆಯ ಕಥೆ ಹೇಳುವವರು ಹೇಳುತ್ತಾ ಹೇಳುತ್ತಾ ತಾವೇ ದೊಡ್ಡವರಾಗಿಬಿಡುತ್ತಾರೆ, ಹೆಂಡತಿಯನ್ನು ನೋಡಿಕೊಂಡ ಗಂಡಸರದಂತೂ ಕೇಳಲೇಬೇಡಿ. ನನಗೂ ಆ ಚಪಲವಿದೆ. ಮುಂದೆ ಎಲ್ಲಾದರೂ ನಾನು ಜಾರಿಕೊಳ್ಳಲು ನೋಡಿದರೆ ನೀವು ಈ ಮೊದಲ ಸಾಲಿಗೆ ವಾಪಸ್ಸು ಬನ್ನಿ.

ಆಗ ನಾವು ರಾಮನಗರದಲ್ಲಿ, ರೇಷ್ಮೆ ನೂಲು ತೆಗೆಯುವ ಒಂದು ಕಾರ್ಖಾನೆಗೆ ಗೋಡೆ ಅಂಟಿಕೊಂಡಿದ್ದ ಬಾಡಿಗೆ ಮನೆಯಲ್ಲಿದ್ದೆವು. ಬೆಳಗಾದರೆ ಆ ಕಡೆ ಮೋಟರು ಶುರುವಾಗುತ್ತಿತ್ತು, ಬೇಯಿಸಿದ ಗೂಡಿನ ವಾಸನೆ ಈ ಕಡೆ ಬರುತ್ತಿತ್ತು. ಸವಿತ ಅಕ್ಕೂರಿನವಳು, ಹುಳ ಸಾಕುವ ಮನೆಯಲ್ಲಿ ಬೆಳೆದವಳು, ಅವಳಿಗೆ ಅದು ತವರಿನ ವಾಸನೆ. ಮೂಗು ಮುಚ್ಚಿಕೊಂಡು ಓಡಾಡಿದವನು ಮಾಗಡಿ ಕಡೆಯ ಕಲ್ಯದಿಂದ ಬಂದ ನಾನು. ಬಿಡದಿಯಲ್ಲಿ ಒಂದರ ಪಕ್ಕ ಒಂದು ಫ್ಯಾಕ್ಟರಿ ಏಳುತ್ತಿದ್ದ ವರ್ಷಗಳು ಅವು. ಕಾರಿನ ಸೀಟುಗಳಿಗೆ ಕಬ್ಬಿಣದ ಚೌಕಟ್ಟು ಮಾಡುವ ಒಂದು ಕಡೆ ನನಗೆ ಶಿಫ್ಟ್ ಕೆಲಸ. ಬಿಡುವಿದ್ದಾಗ ಊರಿನ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದೆ.

ಬೇಸ್ ಗಿಟಾರ್ ಅಂದರೆ ನಾಲ್ಕು ದಪ್ಪ ತಂತಿಯದು. ಹಾಡಿನ ಬುಡದಲ್ಲಿ ಗುಂಯ್ ಅನ್ನುತ್ತಾ ಇರುತ್ತದೆ. ಜನ ಹಾಡುವವಳನ್ನು ನೋಡುತ್ತಾರೆ, ಡ್ರಮ್ಸ್‌ನವನನ್ನು ನೋಡುತ್ತಾರೆ, ನಮ್ಮನ್ನು ಯಾರೂ ನೋಡುವುದಿಲ್ಲ. ನಿಲ್ಲಿಸಿದರೆ ಮಾತ್ರ ಏನೋ ಕಡಿಮೆಯಾಯಿತು ಅನ್ನಿಸುತ್ತದೆ, ಏನು ಅಂತ ಹೊಳೆಯುವುದಿಲ್ಲ. ನನಗೆ ಐದು ತಂತಿಯದೊಂದು ಕೊಳ್ಳುವ ಆಸೆ ಬಹಳ ದಿನದಿಂದ ಇತ್ತು. ಅದರ ಐದನೇ ತಂತಿ ಇನ್ನೂ ಕೆಳಗಿನ ಸ್ವರದ್ದು, ಎದೆಯೊಳಗೇ ಕೇಳುತ್ತದೆ. "ನಾಲ್ಕಕ್ಕೇ ನಿಮ್ಮನ್ನ ಯಾರೂ ನೋಡಲ್ಲ, ಐದಾದ್ರೆ ನೋಡ್ತಾರಾ?" ಎಂದು ಸವಿತ ಕಾಡುತ್ತಿದ್ದಳು.

ಮದುವೆಯಾದ ನಾಲ್ಕನೇ ವರ್ಷ ಅವಳ ಕಾಲು ಊದಿತು. ವಾಂತಿ ಶುರುವಾಯಿತು. ಮೂರು ತಿಂಗಳು ಗ್ಯಾಸ್ಟ್ರಿಕ್ ಮಾತ್ರೆ ನುಂಗಿಸಿದೆವು. ಆಮೇಲೆ ಬೆಂಗಳೂರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ಕಾಗದ ನೋಡಿದ ಡಾಕ್ಟರು ಸವಿತಳನ್ನು ಹೊರಗೆ ಕೂರಿಸಿ ನನ್ನೊಬ್ಬನನ್ನೇ ಕರೆದರು. ಎರಡೂ ಕಿಡ್ನಿ ಹೋಗಿವೆ, ಡಯಾಲಿಸಿಸ್ ಶುರು ಮಾಡಬೇಕು, ತಡ ಮಾಡುವಂತಿಲ್ಲ. ಹೊರಗೆ ಬಂದು ಅವಳ ಪಕ್ಕ ಕೂತೆ.

"ಏನಂದ್ರು?" ಎಂದು ಕೇಳಿದಳು.

"ಒಸಿ ವೀಕ್ ಆಗೈತಂತೆ. ರಕ್ತ ಶುದ್ಧಿ ಮಾಡ್ತಾರಂತೆ."

"ಬಾಗ್ಲು ತೆರ್ದೇ ಇತ್ತು ಕಣ್ರೀ. ನಂಗೂ ಎಲ್ಲಾ ಕೇಳುಸ್ತು."

ಅವಳಿಗೆ ಕೇಳಿಸುತ್ತದೆ, ಅವಳಿಗೆ ತಿಳಿಯುತ್ತದೆ ಎಂದು ನಾನು ಅಲ್ಲೇ ಕಲಿಯಬೇಕಿತ್ತು, ಕಲಿಯಲಿಲ್ಲ.

ಮಷೀನಿಗೆ ರಕ್ತ ಹೋಗಿ ಬರಲು ಅವಳ ಎಡಗೈಯಲ್ಲಿ ಎರಡು ನಾಳ ಸೇರಿಸಿ ಒಂದು ದಾರಿ ಮಾಡಿದರು. ಅದಕ್ಕೆ ಫಿಸ್ಟುಲಾ ಅನ್ನುತ್ತಾರೆ. ಅದು ಚೆನ್ನಾಗಿದ್ದರೆ ಚರ್ಮದ ಕೆಳಗೆ ಸದಾ ಜುಂಯ್ ಅನ್ನುತ್ತಿರುತ್ತದೆ. ಸಿಸ್ಟರ್ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದರು: "ದಿನಾ ಬೆಳಿಗ್ಗೆ ಮುಟ್ಟಿ ನೋಡಬೇಕು. ಇದು ನಿಂತರೆ ಸ್ನಾನ, ತಿಂಡಿ ಅಂತ ಕಾಯಬಾರದು, ಆ ಗಂಟೆಗೇ ಹೊರಟು ಬನ್ನಿ. ಇವರ ಜೀವ ಇರೋದು ಇದರಲ್ಲೇ." ಮುಟ್ಟಿ ನೋಡಬೇಕು ಎನ್ನುವಾಗ ಸಿಸ್ಟರ್ ನೋಡಿದ್ದು ಸವಿತಳ ಕಡೆಗೆ. ಆದರೆ ನಾನು ಬಾಯಿ ಹಾಕಿ, "ಅದು ನನ್ನ ಕಸುಬೇ ಸಿಸ್ಟರ್. ತಂತಿ ಅಲ್ಲಾಡೋದು ಬೆರಳಲ್ಲಿ ತಿಳಿಯೋನು ನಾನು" ಎಂದೆ. ಅಂದಿನಿಂದ ದಿನಾ ಬೆಳಿಗ್ಗೆ ಅವಳು ಮಂಚದಲ್ಲಿ ಕೂತು ನನ್ನ ಕಡೆ ಕೈ ಚಾಚುವುದು, ನಾನು ನಾಲ್ಕು ಬೆರಳಿಟ್ಟು "ಐತೆ" ಅನ್ನುವುದು ನಮ್ಮ ಮನೆಯ ಪೂಜೆಯಂತಾಯಿತು.

ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಬೆಂಗಳೂರಿನ ಅದೇ ಆಸ್ಪತ್ರೆಯಲ್ಲಿ ಡಯಾಲಿಸಿಸ್. ಅವಳು ಒಳಗೆ ನಾಲ್ಕು ಗಂಟೆ, ನಾನು ಹೊರಗೆ, ಕಾಯುವವರ ಹಾಲ್‌ನಲ್ಲಿ, ನಾಲ್ಕು ಗಂಟೆ. ಆ ಹಾಲ್‌ನಲ್ಲಿ ಒಂದು ಟಿ.ವಿ. ಇತ್ತು, ಅದರ ಸದ್ದು ಯಾವಾಗಲೂ ಬಂದ್. ಕನಕಪುರ, ಮರಳವಾಡಿ, ಎಲ್ಲೆಲ್ಲಿಂದಲೋ ಬಂದವರು ಬುತ್ತಿ ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದರು. ಯಾರಿಗೂ ಯಾರ ಹೆಸರೂ ಗೊತ್ತಿಲ್ಲ, ಮೂರನೇ ಮಷೀನಿನವರು, ಆರನೇ ಮಷೀನಿನವರು. ಒಂದು ವಾರ ಆರನೇ ಮಷೀನಿನವರು ಬರದಿದ್ದರೆ ಯಾರೂ ಕೇಳುವುದಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದಲ್ಲ ಎಂಬ ಹೆದರಿಕೆ.

ಅಲ್ಲಿ ಒಂದು ದಿನ ಇನಾಯತ್ ಸಿಕ್ಕ. ಚನ್ನಪಟ್ಟಣದ ಇನ್ನೊಂದು ಆರ್ಕೆಸ್ಟ್ರಾದಲ್ಲಿ ಅವನೂ ಬೇಸ್ ಗಿಟಾರ್ ನುಡಿಸುವವನೇ. ಹಗಲು ಬೊಂಬೆ ಕಡೆಯುವ ಕೆಲಸ. ಅವನ ತಂಡ ಒಂದು ವರ್ಷ ನಮಗೆ ನಿಗದಿಯಾಗಿದ್ದ ಕನಕಪುರದ ಗಣೇಶನ ಕಾರ್ಯಕ್ರಮವನ್ನು ಕಿತ್ತುಕೊಂಡಿತ್ತು. ಅಂದಿನಿಂದ ನಾವಿಬ್ಬರೂ ಎದುರು ಸಿಕ್ಕರೆ ಮುಖ ತಿರುಗಿಸುತ್ತಿದ್ದೆವು. ಅವನೇ ಎದ್ದು ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತ.

"ಕನಕಪುರದ ಪ್ರೋಗ್ರಾಂ ಕಿತ್ಕಂಡಿದ್ದಕ್ಕೆ ಇನ್ನೂ ಕೋಪ ಐತಾ ಚಂದ್ರಣ್ಣ?"

"ಐತೆ" ಎಂದೆ.

"ಇರ್ಲಿ ಬುಡಿ. ಟೀ ಕುಡ್ಯವಾ?"

ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆಂದು ಒಳಗಿರುವವರಿಗೆ ದಿನಕ್ಕೊಂದು ಚೊಂಬು ನೀರೂ ಇಲ್ಲ. ಅವರ ಕಣ್ಣಿಗೆ ಬೀಳದ ಹಾಗೆ ನಾವು ಕಳ್ಳರಂತೆ ಗೇಟಿನ ಹೊರಗೆ ಹೋಗಿ ಟೀ ಕುಡಿದೆವು. ಅಂದಿನಿಂದ ಅದೇ ಅಭ್ಯಾಸವಾಯಿತು. ಇನಾಯತ್‌ನ ಅಬ್ಬನಿಗೂ ವಾರಕ್ಕೆರಡು ದಿನ ಡಯಾಲಿಸಿಸ್, ನಮ್ಮದು ಬೆಳಗಿನ ಸರದಿ, ಅವರದು ಮಧ್ಯಾಹ್ನದ್ದು, ಅವರು ಒಂದೆರಡು ಗಂಟೆ ಮುಂಚೆಯೇ ಬಂದು ಕಾಯುತ್ತಿದ್ದರು. ತಮ್ಮಂದಿರಿದ್ದರೂ ಬರುವವನು ಇವನೊಬ್ಬನೇ.

ಮನೆಯಲ್ಲಿ ಹೇಳಲಾಗದ್ದನ್ನೆಲ್ಲ ನಾವು ಆ ಗೇಟಿನ ಹೊರಗೆ ಹೇಳಿಕೊಂಡೆವು. "ಅಬ್ಬ ನಮಾಜಿಗೆ ಮುಂಚೆ ಬಾಯಿ ಮುಕ್ಕಳಿಸ್ತಾರಲ್ಲ, ಅದ್ರಲ್ಲಿ ಒಂದು ಗುಟುಕು ಒಳಕ್ಕೆ ಬುಟ್ಕತಾರೆ" ಅನ್ನುತ್ತಿದ್ದ ಇನಾಯತ್. "ನಂಗೆ ಗೊತ್ತು. ಆದ್ರೆ ಮಗ ಆಗಿ ಅದನ್ನ ಹೆಂಗೆ ಕೇಳದು ಹೇಳಿ?" ನನ್ನ ಅತ್ತೆ ಮಗಳ ಸೇವೆಗೆಂದು ಅಕ್ಕೂರಿನಿಂದ ಬಂದು ನಮ್ಮಲ್ಲೇ ಇದ್ದರು. ಡಾಕ್ಟರು ಎಳನೀರು ಕೂಡದು ಅಂದಿದ್ದರೂ ನಾನಿಲ್ಲದಾಗ ಸೆರಗಿನ ಮರೆಯಲ್ಲಿ ತಂದು ಕುಡಿಸುತ್ತಿದ್ದರು. ನೆಂಟರು ಬಂದವರು ಸವಿತಳ ಕೈಯ ಉಬ್ಬಿದ ನಾಳ ನೋಡಿ ಮಾರು ದೂರ ಸರಿದು ಕೂರುತ್ತಿದ್ದರು. ಇವನ್ನೆಲ್ಲ ನಾನು ಹೇಳಿದೆ. ಒಂದು ದಿನ ಇನಾಯತ್ ತಲೆ ತಗ್ಗಿಸಿಕೊಂಡು, "ಒಂದೊಂದು ದಿನ ಚನ್ನಪಟ್ಟಣದಲ್ಲಿ ಅಬ್ಬನ್ನ ಇಳಿಸ್ಬುಟ್ಟು ನಾನು ಇಳೀದೆ ಅದೇ ಬಸ್ಸಲ್ಲಿ ಮೈಸೂರಿಗೆ ಹೊಂಟೋಗವಾ ಅನ್ಸುತ್ತೆ ಚಂದ್ರಣ್ಣ. ನಾನು ಕೆಟ್ಟೋನಾ?" ಎಂದ. ನನಗೂ ಹಾಗನ್ನಿಸಿದ್ದುಂಟು. ಅದನ್ನು ಇನ್ನೊಬ್ಬನ ಬಾಯಲ್ಲಿ ಕೇಳಿ ನನಗೆ ಅಳುವೇ ಬಂತು.

ಮಾತು ಭಾರವಾದಾಗ ಗಿಟಾರಿನ ಕಡೆ ಹೊರಳುತ್ತಿದ್ದೆವು. ನನ್ನ ಗಿಟಾರು ಕಾರ್ಖಾನೆ ಕಡೆಯ ಗೋಡೆಯ ತೇವಕ್ಕೆ ಕತ್ತು ಬಾಗಿಸಿಕೊಂಡಿತ್ತು, ಅವನದಕ್ಕೆ ಒಳಗಿನ ವೈರು ಸತ್ತಿತ್ತು. ಇಬ್ಬರೂ ಹೊಸದು ತೆಗೆದುಕೊಳ್ಳಲೇಬೇಕು. ನಾಲ್ಕೋ ಐದೋ? ಭುಜಕ್ಕೆ ಎಷ್ಟು ಭಾರ? ಮನೆಯಲ್ಲಿ ಕಾಯಿಲೆಯವರಿದ್ದಾರೆ, ಸ್ಪೀಕರ್ ಹಾಕುವಂತಿಲ್ಲ, ಬರೀ ಮರದಲ್ಲೇ ಎಷ್ಟು ಕೇಳುತ್ತದೆ? ಸಿಕ್ಕ ಹೊತ್ತೆಲ್ಲ ಇದರಲ್ಲೇ ಕಳೆದುಹೋಗುತ್ತಿತ್ತು.

ಹೀಗೇ ಮಾತಾಡುವಾಗ ನಾನು ಬೆರಳಿಟ್ಟು ನೋಡುವ ವಿಷಯ ಬಂತು. ಇನಾಯತ್ ನನ್ನ ಎಡಗೈ ಹಿಡಿದು ಬೆರಳ ತುದಿಗಳನ್ನು ತಿರುಗಿಸಿ ನೋಡಿದ. ಅವನವೂ ಹಾಗೇ, ವರ್ಷಗಟ್ಟಲೆ ತಂತಿ ಒತ್ತಿ ಜಡ್ಡುಗಟ್ಟಿದವು.

"ಇದನ್ನ ನಂಬ್ತೀರಾ? ಇದು ಚಪ್ಲಿ ಅಟ್ಟೆ ಆಗೈತೆ. ನಾನು ಕಿವಿ ಇಡ್ತೀನಿ. ಬೆಳಿಗ್ಗೆ ಅಬ್ಬನ ನಮಾಜ್ ಆದ್ಮೇಲೆ ಅವ್ರ ಕೈ ಮೇಲೆ ಕಿವಿ ಇಟ್ಟು ಕೇಳುಸ್ಕತೀನಿ. ನೀವೂ ಕಿವಿ ಇಡಿ."

ನಾನು ನಕ್ಕೆ. ಕನಕಪುರದ ಕೋಪ ಇನ್ನೂ ಒಂದಿಷ್ಟು ಉಳಿದಿತ್ತು ಅಂತ ಕಾಣುತ್ತದೆ. ನಿನಗಿಂತ ಚೆನ್ನಾಗಿ ನುಡಿಸುತ್ತೇನೆ, ನನಗೆ ಬೆರಳು ಸಾಕು ಅಂದುಕೊಂಡೆ.

ಒಂದು ಮಂಗಳವಾರ ಡಯಾಲಿಸಿಸ್ ಮುಗಿಯುವ ಹೊತ್ತಿಗೆ ಸವಿತಳ ಬಿ.ಪಿ. ತುಂಬಾ ಇಳಿಯಿತು. ಬಸ್ಸಿನಲ್ಲಿ ನನ್ನ ಭುಜಕ್ಕೆ ಒರಗಿಕೊಂಡೇ ಮನೆಗೆ ಬಂದಳು. ಬುಧವಾರ ಬೆಳಿಗ್ಗೆ ಎದ್ದವಳು, "ರೀ, ಕೈ ಸದ್ದೇ ಮಾಡ್ತಿಲ್ಲ" ಎಂದಳು. ಎಡಗೈಯನ್ನು ತಲೆಯ ಕೆಳಗಿಟ್ಟು ಮಲಗುವುದು ಅವಳ ರೂಢಿ. "ಕಿವಿ ಹತ್ರ ರಾಟೆ ತಿರುಗ್ದಂಗೆ ಕೇಳ್ತಿತ್ತು. ಈಗ ಇಲ್ಲ."

"ತಾ ಇಲ್ಲಿ."

ಅವಳ ಕೈ ಮಂಚದ ಕಬ್ಬಿಣದ ಪಟ್ಟಿಯ ಮೇಲಿತ್ತು. ನಾಲ್ಕು ಬೆರಳಿಟ್ಟೆ. ಜುಂಯ್ ಅನ್ನುತ್ತಿತ್ತು.

"ಐತಲ್ಲೇ! ಸರ್ಯಾಗೇ ಐತೆ."

"ಹೌದಾ? ನಂಗ್ಯಾಕೋ..."

"ನನ್ನ ಬೆರಳಿಗಿಂತ ನಿನ್ನ ಕಿವಿ ಹೆಚ್ಚಾ?"

"ಹಂಗಲ್ಲ. ನಿಮಗೆ ಗೊತ್ತಾಗ್ತದೆ ಬುಡಿ" ಎಂದು ಕೈ ಹಿಂದಕ್ಕೆ ತೆಗೆದುಕೊಂಡಳು.

ಗುರುವಾರ ಬೆಳಿಗ್ಗೆ ಮತ್ತೆ ಹೇಳಿದಳು. ಮತ್ತೆ ಬೆರಳಿಟ್ಟೆ, ಇತ್ತು. ಅದು ನನಗೆ ಎರಡನೇ ಪಾಳಿಯ ವಾರ. ಮಧ್ಯಾಹ್ನ ಯೂನಿಫಾರ್ಮ್ ಹಾಕಿಕೊಂಡು ಹೊರಡುತ್ತಿದ್ದವನನ್ನು ಅವಳು ತಡೆದಳು. "ಒಂದ್ಸಲ ಸರ್ಯಾಗಿ ನೋಡ್ಬುಟ್ಟು ಹೋಗ್ರಿ." ಕಂಪನಿ ಬಸ್ಸು ತಪ್ಪುತ್ತದೆ ಎಂದು ಸಿಡುಕುತ್ತಲೇ ಮಂಚದ ತುದಿಯಲ್ಲಿ ಕೂತು ಬೆರಳಿಟ್ಟೆ. "ಇಲ್ನೋಡು, ಎಷ್ಟು ಜೋರಾಗೈತೆ..." ಅನ್ನುತ್ತಿದ್ದೆ, ಕರೆಂಟ್ ಹೋಯಿತು.

ಫ್ಯಾನು ನಿಂತಿತು. ಗೋಡೆಯ ಆಚೆ ಮೋಟರು ಮೆಲ್ಲ ಮೆಲ್ಲನೆ ಇಳಿಯಿತು. ಅದರ ಜೊತೆಗೇ ನನ್ನ ಬೆರಳ ಕೆಳಗಿದ್ದದ್ದೂ ಮೆಲ್ಲ ಮೆಲ್ಲನೆ ಇಳಿದು ನಿಂತೇ ಹೋಯಿತು. ಒಂದು ಕ್ಷಣ ಅವಳ ಎದೆಯೇ ನಿಂತಿತು ಅಂದುಕೊಂಡು ಮುಖ ನೋಡಿದೆ. ಅವಳು ನನ್ನನ್ನೇ ನೋಡುತ್ತಾ ಕೂತಿದ್ದಳು. ಮಂಚ ಗೋಡೆಗೆ ತಾಗಿತ್ತು. ಗೋಡೆಯಿಂದ ಮಂಚಕ್ಕೆ, ಮಂಚದಿಂದ ಅವಳ ಕೈಗೆ, ಅವಳ ಕೈಯಿಂದ ನನ್ನ ಬೆರಳಿಗೆ. ಎರಡು ದಿನ ನಾನು ಮುಟ್ಟಿ ಮುಟ್ಟಿ ಐತೆ ಅಂದದ್ದು ಪಕ್ಕದ ಮನೆಯ ಮೋಟರನ್ನು.

ಕೈ ಎತ್ತಿ ಕಿವಿಗೆ ಒತ್ತಿಕೊಂಡೆ. ಏನೂ ಇಲ್ಲ. ಮೇಲೆ, ಕೆಳಗೆ, ಮೊಣಕೈ ಹತ್ತಿರ, ಎಲ್ಲೂ ಇಲ್ಲ. ಅಷ್ಟರಲ್ಲಿ ಆ ಕಡೆ ಜನರೇಟರ್ ಹಾಕಿದರು, ಮೋಟರು ಮತ್ತೆ ತಿರುಗಿತು. ಮಂಚದ ಪಟ್ಟಿಯ ಮೇಲಿಟ್ಟಿದ್ದ ನನ್ನ ಇನ್ನೊಂದು ಕೈಗೆ ಅದೇ ಜುಂಯ್ ಬಂತು. ನನಗೆ ಆ ಮಂಚವನ್ನು ಒದೆಯಬೇಕು ಅನ್ನಿಸಿತು.

ಅತ್ತೆ ಒಲೆಯ ಮುಂದಿನಿಂದ ಎದ್ದು ಬಂದವರು ನನಗೇನೂ ಅನ್ನಲಿಲ್ಲ, ಮಗಳನ್ನೇ ಬೈದರು. "ನೆನ್ನೆಯಿಂದ ನನ್ ತಾವೂ ಹೇಳ್ತಾನೇ ಇದ್ಯಲ್ಲವ್ವ. ಗಂಡ ಐತೆ ಅಂದ ಅಂತ ಬಾಯ್ ಮುಚ್ಕಂಡು ಕುಂತ್ಬುಟ್ಟೆಯಾ?" ಸವಿತ ಚಪ್ಪಲಿ ಮೆಟ್ಟಿಕೊಂಡಳು. "ಫೈಲು ತಗಳ್ರಿ" ಎಂದಳು, ಅಷ್ಟೇ.

ಮೈಸೂರು ರಸ್ತೆಯನ್ನು ಆಗ ಅಗಲ ಮಾಡುತ್ತಿದ್ದರು. ಬಿಡದಿ ಹತ್ತಿರ ಲಾರಿ, ಜಲ್ಲಿ, ಶಿಫ್ಟ್ ಬದಲಾಗುವ ಹೊತ್ತಿನ ಕಂಪನಿ ಬಸ್ಸುಗಳು, ಎಲ್ಲ ಸೇರಿ ನಮ್ಮ ಬಸ್ಸು ಕದಲಲೇ ಇಲ್ಲ. ನಮ್ಮ ಕಂಪನಿಯ ಬಸ್ಸು ಪಕ್ಕದಲ್ಲೇ ನಿಂತಿತ್ತು, ಒಳಗಿದ್ದವನೊಬ್ಬ ನನಗೆ ಕೈ ಬೀಸಿದ. ನಾನು ಸವಿತಳ ಕೈಯನ್ನು ಮಡಿಲಲ್ಲಿಟ್ಟುಕೊಂಡು ಉಜ್ಜುತ್ತಿದ್ದೆ, ಬಿಸಿಯಾದರೆ ಶುರುವಾಗುತ್ತದೇನೋ ಎಂದು. "ಉಜ್ಬೇಡಿ, ನೋಯ್ತದೆ" ಎಂದಳು. ಆಗಲೂ ಎರಡು ಸಲ ಹೇಳಬೇಕಾಯಿತು.

ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಕೈಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿದರು. "ಯಾವಾಗಿನಿಂದ ನಿಂತಿದೆ?"

ಈಗ ತಾನೇ, ಊಟದ ಹೊತ್ತಿಗೆ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಸುಳ್ಳೂ ಅಲ್ಲ, ನನಗೆ ಗೊತ್ತಾದದ್ದು ಆಗಲೇ. ಸವಿತ ನೆಲ ನೋಡುತ್ತಿದ್ದಳು. ನಾನು ಏನು ಹೇಳಿದರೂ ಅವಳು ಅದನ್ನೇ ಒಪ್ಪಿಕೊಂಡುಬಿಡುತ್ತಾಳೆ ಎಂದು ನನಗೆ ತಿಳಿದಿತ್ತು. ಅದಕ್ಕೇ ಹೆದರಿಕೆಯಾಯಿತು.

"ನೆನ್ನೆ ಬೆಳಿಗ್ಗೆಯಿಂದ ಡಾಕ್ಟ್ರೇ. ಇವಳು ಹೇಳಿದ್ಲು, ನಾನು ಕೇಳ್ಲಿಲ್ಲ."

ಡಾಕ್ಟರು ನನ್ನನ್ನು ಬೈಯಲಿಲ್ಲ. ನೆನ್ನೆಯೇ ಬಂದಿದ್ದರೆ ಉಳಿಯುತ್ತಿತ್ತೇನೋ ಅಂದರು. ಸಂಜೆಯವರೆಗೂ ಏನೇನೋ ಪ್ರಯತ್ನ ಮಾಡಿದರು. ಆ ಕೈ ಬರಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೈಯ ಬದಲಿಗೆ ರಕ್ತ ಹೋಗಿ ಬರಲೆಂದು ಅವಳ ಕುತ್ತಿಗೆಗೆ ಕೊಳವೆ ಹಾಕಲು ಕರೆದುಕೊಂಡು ಹೋದರು. ಅದು ಮುಗಿಯುವಷ್ಟರಲ್ಲಿ ಅವಳ ಸರದಿ ದಾಟಿಹೋಗಿತ್ತು. ಯಾವ ಮಷೀನೂ ಖಾಲಿಯಿಲ್ಲ. ಅವಳಿಗೆ ಉಸಿರು ಸಾಲದಾಯಿತು. ಮಲಗಿದರೆ ಕೆಮ್ಮು, ಕೂತರೆ ಏದುಸಿರು. ನಾನು ಸಿಸ್ಟರ್ ಹಿಂದೆ ಹಿಂದೆ ಓಡಾಡುತ್ತಿದ್ದೆ. ಮಧ್ಯಾಹ್ನದ ಸರದಿಗೆ ಬಂದ ಇನಾಯತ್ ಬಾಗಿಲಲ್ಲೇ ನನ್ನ ಮುಖ ನೋಡಿದ. ನಿಂತಲ್ಲೇ ಎಲ್ಲ ಹೇಳಿದೆ, ಮೋಟರಿನ ವಿಷಯವನ್ನೂ. ಕಿವಿ ಇಡಿ ಅಂದಿರಲಿಲ್ಲವಾ ಎಂದು ಅವನು ಕೇಳಬಹುದಿತ್ತು. ಕೇಳಲಿಲ್ಲ. ಅಬ್ಬನ ಕಡೆ ತಿರುಗಿ ಉರ್ದುವಿನಲ್ಲಿ ಏನೋ ಹೇಳಿದ.

ಅಬ್ಬ ಗೋಡೆ ಹಿಡಿದುಕೊಂಡು ಸಿಸ್ಟರ್ ಮೇಜಿನ ತನಕ ನಡೆದರು. "ಆ ಹೆಣ್ಮಗೀಗೆ ಹಾಕಮ್ಮ ನನ್ನ ಮಷೀನು. ನಾನು ನಾಳೆ ಬತ್ತೀನಿ." ಆಗೋದಿಲ್ಲ, ನೀವೂ ಊದಿಕೊಂಡಿದ್ದೀರಿ ಎಂದು ಸಿಸ್ಟರ್ ತಡೆದರು, ಡಾಕ್ಟರನ್ನು ಕೇಳಿ ಬಂದರು. ಅಬ್ಬ ಮಾತ್ರ ಜಗ್ಗಲಿಲ್ಲ. "ನೀರು ಕುಡಿಯಲ್ಲ, ಆಯ್ತಾ? ಮಗ ಇಲ್ಲೇ ಅವ್ನೆ, ಅವ್ನ ಮುಂದೆ ಹೇಳ್ತಾ ಇವ್ನಿ, ಬಾಯಿ ಮುಕ್ಕಳಿಸೋದ್ರಲ್ಲೂ ಕುಡಿಯಲ್ಲ." ಇನಾಯತ್ ನನ್ನ ಕಡೆ ನೋಡಿದ. ಮಗನಿಗೆ ಗೊತ್ತಿದೆ ಎಂದು ಅಪ್ಪನಿಗೆ ಮೊದಲಿನಿಂದಲೂ ಗೊತ್ತಿತ್ತು.

ನಾಲ್ಕು ಗಂಟೆ ಕಳೆದ ಮೇಲೆ ಸವಿತ ಕೂತುಕೊಂಡು ಉಸಿರಾಡಿದಳು, ಹಸಿವು ಅಂದಳು. ಅಬ್ಬ ಮಾರನೆಯ ದಿನ ಬಂದು ಡಯಾಲಿಸಿಸ್ ಮಾಡಿಸಿಕೊಂಡು ಹೋದರು. ಆ ಒಂದು ದಿನ ನಾನು ಎಷ್ಟು ಹೆದರಿದ್ದೆ ಎಂದರೆ, ಅವರು ಬಾಗಿಲಲ್ಲಿ ಕಾಣಿಸಿದಾಗ ಓಡಿಹೋಗಿ ಕೈ ಹಿಡಿದುಕೊಂಡೆ.

ಸವಿತಳ ಬಲಗೈಯಲ್ಲಿ ಹೊಸದಾಗಿ ದಾರಿ ಮಾಡಿದರು. ಅವಳು ಬಲಗೈ ರೂಢಿಯವಳು, ಮುದ್ದೆ ತಿರುವುವುದೂ ಅದೇ ಕೈಯಲ್ಲಿ. ಅದು ಬಲಿಯುವವರೆಗೆ ಕುತ್ತಿಗೆಯ ಕೊಳವೆಯೇ ಗತಿ. ಜ್ವರ ಬಂದರೆ ಕೊಳವೆಗೆ ಕೀವಾಯಿತೇ ಎಂಬ ಭಯ, ಬರದಿದ್ದರೆ ಯಾವಾಗ ಬರುತ್ತದೋ ಎಂಬ ಭಯ. ನಾವು ಮೋಟರು ಕೇಳಿಸದ ಬೀದಿಗೆ ಮನೆ ಬದಲಾಯಿಸಿದೆವು. ನಾನು ಗಿಟಾರು ಬಿಟ್ಟು, ಕೆಲಸಕ್ಕೆ ಹೋಗದ ಹೊತ್ತೆಲ್ಲ ಅವಳ ಎದುರು ಕೂತಿರುತ್ತಿದ್ದೆ. ಗಂಟೆಗೊಮ್ಮೆ ಆ ಕೈಗೆ ಕಿವಿ ಇಡುತ್ತಿದ್ದೆ.

ಕೆಲವು ತಿಂಗಳ ಮೇಲೆ ಇನಾಯತ್‌ನ ಅಬ್ಬ ತೀರಿಕೊಂಡರು, ಮನೆಯಲ್ಲಿ, ಕೂತಿದ್ದ ಹಾಗೇ. ಅವರು ಬಿಟ್ಟುಕೊಟ್ಟ ಆ ಸರದಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ಆದರೂ ಮನಸ್ಸಿನಲ್ಲಿ ಅದು ಇನ್ನೂ ಇದೆ. ಮಣ್ಣಾದ ಮೂರನೇ ವಾರ ಇನಾಯತ್ ಆಸ್ಪತ್ರೆಯ ಹಾಲ್‌ನಲ್ಲಿ ಬಂದು ಕೂತಿದ್ದ. "ಮಂಗಳವಾರ ಅಂತ ಕಾಲು ತಾನೇ ಬಂದ್ಬುಡ್ತು" ಎಂದ. ಗೇಟಿನ ಹೊರಗೆ ಟೀ ಕುಡಿಯುತ್ತಾ, "ಬೆಳಿಗ್ಗೆ ಎದ್ರೆ ಕಿವಿ ಎಲ್ಲಿ ಇಡ್ಬೇಕು ಅಂತ ಗೊತ್ತಾಗಲ್ಲ ಚಂದ್ರಣ್ಣ" ಎಂದ.

ಹೊಸ ಗಿಟಾರು ಕೊಳ್ಳಲು ಹೊರಡಿಸಿದವಳು ಸವಿತ. "ಒಂದು ತಗಳ್ರಿ. ನೀವು ಹಿಂಗೆ ನನ್ನ ಕೈನೇ ನೋಡ್ಕಂಡು ಕೂತ್ರೆ ನಂಗೆ ಜೀವ ಹೋಗೋಷ್ಟು ಭಯ ಆಗ್ತದೆ." ಒಂದು ಶುಕ್ರವಾರ ಡಯಾಲಿಸಿಸ್ ಮುಗಿಸಿಕೊಂಡು, ಇನಾಯತ್‌ನನ್ನೂ ಕರೆದುಕೊಂಡು ಮೂವರೂ ಬೆಂಗಳೂರಿನ ಒಂದು ಹಳೇ ವಾದ್ಯಗಳ ಅಂಗಡಿಗೆ ಹೋದೆವು. ಅಲ್ಲಿ ಐದು ತಂತಿಯದೊಂದು ಇತ್ತು. ಸ್ಪೀಕರಿಗೆ ಹಾಕದೆ, ಸ್ಟೂಲಿನ ಮೇಲೆ ಕೂತು ಐದನೇ ತಂತಿ ಮೀಟಿದೆ. ಎಷ್ಟೋ ವರ್ಷದಿಂದ ಬಯಸಿದ ಸದ್ದು ಅದು. ಹೊಟ್ಟೆಯೊಳಗೆ ಇಳಿಯಿತು, ನಿಲ್ಲಲೇ ಇಲ್ಲ. ಅಂಗಡಿಯವನು, ಇನಾಯತ್, ಇಬ್ಬರೂ ಇದೇ ಸರಿ ಅಂದರು.

ಸವಿತ ಹತ್ತಿರ ಬಂದಳು. ಬಲಗೈಯನ್ನು ಗಿಟಾರಿನ ಮರದ ಮೇಲಿಟ್ಟು, "ಇನ್ನೊಂದ್ಸಲ ನುಡಿಸ್ರಿ" ಎಂದಳು. ನುಡಿಸಿದೆ. ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಇದು ಬ್ಯಾಡ. ನೀವು ಬುಟ್ಮೇಲೂ ಜುಂಯ್ ಅಂತಾನೇ ಐತೆ. ನಂದು ಯಾವ್ದು, ಇದ್ರದು ಯಾವ್ದು, ನಂಗೆ ತಿಳೀತಿಲ್ಲ."

"ಅಮ್ಮ, ಇದು ಒಳ್ಳೇ ಪೀಸು" ಎಂದು ಅಂಗಡಿಯವನು ಶುರುಮಾಡಿದ. ನಾನು ಗಿಟಾರನ್ನು ಭುಜದಿಂದ ಇಳಿಸಿಬಿಟ್ಟೆ. ಆಸೆಯಾಗಲಿಲ್ಲ ಅಂದರೆ ಸುಳ್ಳು. ಇಳಿಸುವಾಗ ಕೈ ಒಂದಿಷ್ಟು ತಡೆಯಿತು. ಆದರೆ ಅವಳು ಎರಡನೇ ಸಲ ಹೇಳುವಂತಾಗಬಾರದು ಎಂದು ಆಸ್ಪತ್ರೆಯ ಆ ಮಧ್ಯಾಹ್ನವೇ ಗಟ್ಟಿ ಮಾಡಿಕೊಂಡಿದ್ದೆ. ಮೂಲೆಯಲ್ಲಿದ್ದ ನಾಲ್ಕು ತಂತಿಯ ಒಂದು ಹಗುರವಾದ ಗಿಟಾರು ತೆಗೆಸಿದೆ. ಅದಕ್ಕೂ ಕೈಯಿಟ್ಟು ನೋಡಿದಳು. ಮೀಟಿದೆ. ಸದ್ದು ಬಂತು, ಬೇಗ ಸುಮ್ಮನಾಯಿತು. "ಈಗ ನಂದು ಕೇಳುಸ್ತೈತೆ" ಎಂದಳು.

ಇನಾಯತ್ ಅಷ್ಟು ಹೊತ್ತೂ ಆ ಐದು ತಂತಿಯದನ್ನೇ ನೋಡುತ್ತಿದ್ದ. ಎತ್ತಿಕೊಂಡು ಕೂತ. ಐದನೇ ತಂತಿ ಮೀಟಿ, ತಲೆ ಬಗ್ಗಿಸಿ ಅದರ ಮರಕ್ಕೆ ಕಿವಿ ಇಟ್ಟ. ಸದ್ದು ಪೂರ್ತಿ ಇಳಿಯುವವರೆಗೆ ಇನಾಯತ್ ತಲೆ ಎತ್ತಲಿಲ್ಲ. ಎತ್ತಿದಾಗ ಕಣ್ಣು ಒದ್ದೆಯಾಗಿತ್ತು.

"ಇದು ನಂಗಿರ್ಲಿ" ಎಂದ.

ಸವಿತಳಿಗೆ ಈಗಲೂ ವಾರಕ್ಕೆರಡು ದಿನ ಡಯಾಲಿಸಿಸ್ ಇದೆ. ಹಾಲ್‌ನಲ್ಲಿ ಹೊಸಬರು ಬಂದು ಕೂತಾಗ, ಕೈ ಮುಟ್ಟಿ ನೋಡುವುದು ಹೇಗೆ ಎಂದು ಗಂಡಂದಿರು ನನ್ನನ್ನು ಕೇಳುತ್ತಾರೆ. ಒಳಗಿರುವವರನ್ನೇ ಕೇಳಿ ಅನ್ನುತ್ತೇನೆ. ಬೆಳಿಗ್ಗೆ ನಮ್ಮ ಮನೆಯಲ್ಲಿ ಈಗ ನಾನು ಬೆರಳಿಡುವುದಿಲ್ಲ, ಕಿವಿಯನ್ನೂ ಇಡುವುದಿಲ್ಲ. ಅವಳೇ ಎಡಗೈಯಿಂದ ಬಲಗೈ ಹಿಡಿದುಕೊಂಡು ಒಂದಿಷ್ಟು ಹೊತ್ತು ಕೂರುತ್ತಾಳೆ. ನಾನು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಕಾಯುತ್ತೇನೆ. ಕಂಪನಿ ಬಸ್ಸು ಬೀದಿಯ ಕೊನೆಯಲ್ಲಿ ಹಾರನ್ ಹೊಡೆಯುತ್ತದೆ, ಹೊಡೆಯಲಿ.

"ಐತೆ, ಹೋಗ್ಬನ್ನಿ" ಎಂದು ಅವಳು ಹೇಳಿದ ಮೇಲೆ ಹೊರಡುತ್ತೇನೆ.